ಮೆಲ್ಡೆ ದಾರದ ಲೂಪಿನಿಂದ ಕ್ವಾಂಟಮ್ ಚುಕ್ಕಿಯವರೆಗೆ

ಡಿಗ್ರಿ ಮೊದಲ ವರ್ಷದ ಭೌತಶಾಸ್ತ್ರ ಲ್ಯಾಬಿನಲ್ಲಿ ಮೆಲ್ಡೆ ಪ್ರಯೋಗ ಅಂತ ಒಂದಿದೆ. ವಿದ್ಯುತ್ತಿನಿಂದ ಸದಾ ಕಂಪಿಸುತ್ತಿರುವ ಟ್ಯೂನಿಂಗ್ ಫೋರ್ಕಿಗೆ ತೆಳು ದಾರ ಕಟ್ಟಿ, ಇನ್ನೊಂದು ತುದಿಯನ್ನು ರಾಟೆಯ ಮೇಲೆ ಹಾಯಿಸಿ, ಅದಕ್ಕೊಂದು ಪುಟ್ಟ ತಟ್ಟೆ ತೂಗುಬಿಡುತ್ತೇವೆ. ತಟ್ಟೆಗೆ ಒಂದೊಂದೇ ತೂಕ ಹಾಕುತ್ತ ಹೋದರೆ ಮೊದಮೊದಲು ದಾರ ಮಸುಕಾಗಿ ನಡುಗುತ್ತದೆ. ಯಾವುದೋ ಒಂದು ತೂಕಕ್ಕೆ ಬಂದಾಗ ಆ ಮಸುಕು ತಿಳಿಯಾಗಿ, ದಾರ ಹೊಟ್ಟೆ ಉಬ್ಬಿಸಿಕೊಂಡು ನಾಲ್ಕು ಲೂಪುಗಳಾಗಿ ನಿಲ್ಲುತ್ತದೆ. ಲೂಪಿಗೂ ಲೂಪಿಗೂ ನಡುವೆ ಗಂಟು ಹಾಕಿದ ಹಾಗೆ ಅಲುಗದ ಒಂದು ಬಿಂದು. ಇನ್ನಷ್ಟು ತೂಕ ಹಾಕಿದರೆ ಲೂಪುಗಳು ಕೆಡುತ್ತವೆ, ಮತ್ತೆ ಮಸುಕು, ಆಮೇಲೆ ಮೂರು ಲೂಪು. ಮೂರೂವರೆ ಲೂಪು ಎಂದೂ ಬರುವುದಿಲ್ಲ.

ಮಕ್ಕಳು ಲೂಪಿನ ಉದ್ದ ಅಳೆಯುತ್ತಾರೆ, ಟೇಬಲ್ ತುಂಬಿಸುತ್ತಾರೆ, ಎಳೆತವನ್ನು ಉದ್ದದ ವರ್ಗದಿಂದ ಭಾಗಿಸಿದರೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರುತ್ತದೆ ಅಂತ ರೆಕಾರ್ಡಿನಲ್ಲಿ ಬರೆದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಮೂರೂವರೆ ಯಾಕೆ ಬರಲಿಲ್ಲ ಅಂತ ಯಾರೂ ಕೇಳುವುದಿಲ್ಲ. ನಾವು ಮೇಷ್ಟ್ರುಗಳೂ ಕೇಳಲು ಹಚ್ಚುವುದಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಅವರಲ್ಲೇ ಒಬ್ಬ ಹುಡುಗಿ ಎಂ.ಎಸ್ಸಿ. ನ್ಯಾನೋವಿಜ್ಞಾನದ ತರಗತಿಯಲ್ಲಿ ಕೂತು, ಕ್ವಾಂಟಮ್ ಚುಕ್ಕಿಯ, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಅರೆವಾಹಕ ಹರಳಿನ, ಬಣ್ಣವನ್ನು ಅದರ ಗಾತ್ರ ನಿರ್ಧರಿಸುತ್ತದೆ ಅನ್ನುವುದನ್ನು ಎಲ್ಲೂ ಕಾಣದ ಪವಾಡದಂತೆ ನೋಟ್ಸಿಗೆ ಇಳಿಸಿಕೊಳ್ಳುತ್ತಾಳೆ. ಆ ಪವಾಡದ ಮುಕ್ಕಾಲು ಪಾಲನ್ನು ಅವಳು ಆಗಲೇ ಮೀಟರ್ ಸ್ಕೇಲು ಹಿಡಿದು ಅಳೆದಿದ್ದಳು. ಎರಡೂ ಒಂದೇ ಅಂತ ಅವಳಿಗೆ ತೋರಿಸಿದವರಿಲ್ಲ.

ಈ ಎರಡೂ ತರಗತಿಗಳಿಗೆ ಪಾಠ ಮಾಡುವಾಗ ನನ್ನನ್ನು ಹೆಚ್ಚು ಕಾಡಿದ್ದು ಇದೇ. ನ್ಯಾನೋವಿಜ್ಞಾನ ಕಷ್ಟವಾಗುವುದು ಅದರಲ್ಲಿರುವ ಹೊಸದರಿಂದ ಅಂತ ನನಗೆ ಅನ್ನಿಸಿಲ್ಲ. ಮೊದಲ ವರ್ಷದಲ್ಲಿ ಸೂತ್ರವಾಗಿ ಮಾತ್ರ ಒಳಗೆ ಹೋಗಿ, ಅರ್ಥವಾಗಿ ಹೋಗದೆ ಉಳಿದದ್ದು ಅಲ್ಲಿ ಅಡ್ಡ ನಿಲ್ಲುತ್ತದೆ.

ಮೊದಲು ಗಾತ್ರದ ಅಂದಾಜು. ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಹೀಗೆ ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ, ಸೊನ್ನೆಗಳು ಕಣ್ಣ ಮುಂದೆ ಹಾದುಹೋಗುತ್ತವೆ ಅಷ್ಟೆ. ಹಾಗಾಗಿ ನಾನು ಬೆಲ್ಲದಿಂದ ಶುರು ಮಾಡುತ್ತೇನೆ. ಬೆಲ್ಲದ ಉಂಡೆಯನ್ನು ಹಾಗೇ ನೀರಿಗೆ ಹಾಕಿದರೆ ಕರಗಲು ಹೊತ್ತು ಹಿಡಿಯುತ್ತದೆ, ಕುಟ್ಟಿ ಹಾಕಿದರೆ ಬೇಗ ಕರಗುತ್ತದೆ. ಬೆಲ್ಲ ಅಷ್ಟೇ ಇದೆ, ನೀರಿಗೆ ತಾಗುವ ಮೈ ಹೆಚ್ಚಾಯಿತು. ಈಗ ಪ್ರತಿ ಬದಿಗೂ ಒಂದು ಸೆಂಟಿಮೀಟರ್ ಇರುವ ಒಂದು ಬೆಲ್ಲದ ಘನ ತೆಗೆದುಕೊಳ್ಳಿ. ಆರು ಮುಖ, ಒಟ್ಟು ಆರು ಚದರ ಸೆಂಟಿಮೀಟರ್ ಮೈ. ಅದನ್ನು ಒಂದು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಲು ಆಗುವಂತಿದ್ದರೆ? ಒಂದು ಸೆಂಟಿಮೀಟರಿನಲ್ಲಿ ಒಂದು ಕೋಟಿ ನ್ಯಾನೋಮೀಟರ್ ಇವೆ, ಹಾಗಾಗಿ ಮೈಯೂ ಕೋಟಿ ಪಟ್ಟು ಬೆಳೆಯುತ್ತದೆ. ಆರು ಕೋಟಿ ಚದರ ಸೆಂಟಿಮೀಟರ್, ಅಂದರೆ 6,000 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಒಂದು ಎಕರೆ ಹತ್ತೊಂಬತ್ತು ಗುಂಟೆ. ಬೆರಳ ತುದಿಯಲ್ಲಿ ಹಿಡಿಯುವ ಬೆಲ್ಲದ ಚೂರಿನಲ್ಲಿ ಒಂದೂವರೆ ಎಕರೆ ಮೈ ಅಡಗಿದೆ ಅಂದಾಗ ಹೊಲ ಇರುವ ಮನೆಯ ಮಕ್ಕಳು ತಲೆ ಎತ್ತುತ್ತಾರೆ. ನ್ಯಾನೋ ಕಣಗಳು ಯಾಕೆ ಒಳ್ಳೆಯ ಕ್ರಿಯಾವರ್ಧಕಗಳು, ಯಾಕೆ ಚಿನ್ನದ ಕಣ ಕೆಲವೇ ನ್ಯಾನೋಮೀಟರಿನಷ್ಟು ಚಿಕ್ಕದಾದಾಗ 1,064 ಡಿಗ್ರಿಗಿಂತ ಎಷ್ಟೋ ಮೊದಲೇ ಕರಗಿಬಿಡುತ್ತದೆ ಅನ್ನುವುದಕ್ಕೆಲ್ಲ ಬೇರು ಇಲ್ಲಿದೆ. ಮೈಮೇಲಿನ ಪರಮಾಣುವಿಗೆ ಸುತ್ತ ನೆರೆಹೊರೆ ಕಡಿಮೆ, ಅದು ಸಡಿಲವಾಗಿ ಕೂತಿರುತ್ತದೆ. ಕಣ ಚಿಕ್ಕದಾದಷ್ಟೂ ಅಂಥ ಪರಮಾಣುಗಳ ಪಾಲು ದೊಡ್ಡದು.

ಆದರೆ ಬಣ್ಣದ ಕಥೆ ಮೈಯದಲ್ಲ, ದಾರದ್ದು.

ದಾರದ ಎರಡು ತುದಿಗಳನ್ನು ಅಲುಗದಂತೆ ಹಿಡಿದರೆ ಅದರ ಉದ್ದದಲ್ಲಿ ಲೂಪುಗಳು ಒಂದು, ಎರಡು, ಮೂರು ಹೀಗೆ ಪೂರ್ಣ ಸಂಖ್ಯೆಯಲ್ಲೇ ಕೂರಬೇಕು. ಕೊನೆಯ ಅರ್ಧ ಲೂಪು ಉಳಿದರೆ ಅಲುಗಬಾರದ ತುದಿ ಅಲುಗಬೇಕಾಗುತ್ತದೆ. ಮೂರೂವರೆ ಬಾರದಿರುವುದಕ್ಕೆ ಇದಿಷ್ಟೇ ಕಾರಣ. ಒಂದು ಲೂಪು ಅರ್ಧ ತರಂಗಾಂತರ. ಇನ್ನು ಇದಕ್ಕೆ ಒಂದೇ ಒಂದು ಹೊಸ ಮಾತು ಸೇರಿಸಬೇಕು. 1924ರಲ್ಲಿ ಲೂಯಿ ದ ಬ್ರಾಯ್ ಅದನ್ನು ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ಮುಂದಿಟ್ಟ: ಎಲೆಕ್ಟ್ರಾನಿಗೂ ತರಂಗಾಂತರವಿದೆ, ಪ್ಲಾಂಕ್ ಸ್ಥಿರಾಂಕವನ್ನು ಸಂವೇಗದಿಂದ ಭಾಗಿಸಿದರೆ ಅದು ಸಿಗುತ್ತದೆ. ದಾಟಲಾಗದ ಎರಡು ಗೋಡೆಗಳ ನಡುವೆ ಎಲೆಕ್ಟ್ರಾನನ್ನು ಕೂಡಿಹಾಕಿದರೆ ಅದರ ತರಂಗವೂ ಮೆಲ್ಡೆ ದಾರದಂತೆ ಪೂರ್ಣ ಲೂಪುಗಳಲ್ಲೇ ಕೂರಬೇಕು. ತರಂಗಾಂತರಕ್ಕೆ ಆಯ್ಕೆ ಇಷ್ಟೇ ಅಂದ ಮೇಲೆ ಸಂವೇಗಕ್ಕೂ ಇಷ್ಟೇ, ಶಕ್ತಿಗೂ ಇಷ್ಟೇ. ಶಕ್ತಿ ಇಳಿಜಾರಿನಂತೆ ಇರುವುದಿಲ್ಲ, ಮೆಟ್ಟಿಲಿನಂತೆ ಇರುತ್ತದೆ. ಇಷ್ಟು ಹೇಳಿ ಸೀಮೆಸುಣ್ಣ ಮಕ್ಕಳ ಕೈಗೆ ಕೊಟ್ಟರೆ, ಪುಸ್ತಕದಲ್ಲಿ ಎರಡು ಪುಟ ತೆಗೆದುಕೊಳ್ಳುವ ಸೂತ್ರ ನಾಲ್ಕೇ ಸಾಲಿನಲ್ಲಿ ಬೋರ್ಡಿಗೆ ಬರುತ್ತದೆ.

ನಂತರ ಅಂಕಿ ಹಾಕಿಸಬೇಕು. ಅಂಕಿ ಹಾಕದ ಸೂತ್ರ ಉಪ್ಪಿಲ್ಲದ ಸಾರು. ಒಂದು ನ್ಯಾನೋಮೀಟರ್ ಅಗಲದ ಪೆಟ್ಟಿಗೆಯಲ್ಲಿ ಮೊದಲ ಮೆಟ್ಟಿಲು ಸುಮಾರು 0.38 ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿದೆ (ಪರಮಾಣುಗಳ ಲೋಕದಲ್ಲಿ ಶಕ್ತಿಯನ್ನು ಅಳೆಯುವ ಮಾನ ಇದು). ಕೋಣೆಯ ಬಿಸಿ ಪ್ರತಿ ಕಣಕ್ಕೂ ಕೊಡುತ್ತಿರುವ ತಳ್ಳಾಟ ಸುಮಾರು 0.025 ಎಲೆಕ್ಟ್ರಾನ್ ವೋಲ್ಟ್. ಮೆಟ್ಟಿಲು ತಳ್ಳಾಟಕ್ಕಿಂತ ಎಷ್ಟೋ ಎತ್ತರ, ಹಾಗಾಗಿ ಮೆಟ್ಟಿಲು ಮೆಟ್ಟಿಲಾಗಿಯೇ ಕಾಣುತ್ತದೆ. ಅದೇ ಪೆಟ್ಟಿಗೆ ಒಂದು ಸೆಂಟಿಮೀಟರ್ ಆಗಿದ್ದರೆ? ಅಗಲ ಕೋಟಿ ಪಟ್ಟು, ಮೆಟ್ಟಿಲಿನ ಎತ್ತರ ಕೋಟಿಯ ಕೋಟಿಯಲ್ಲಿ ಒಂದು ಪಾಲು. ಮೆಟ್ಟಿಲುಗಳು ಆಗಲೂ ಇವೆ, ಆದರೆ ಆ ತಳ್ಳಾಟದಲ್ಲಿ ಯಾರಿಗೂ ಅವು ಎಡತಾಕುವುದಿಲ್ಲ. ಕ್ವಾಂಟಮ್ ನಿಯಮ ಚಿಕ್ಕ ವಸ್ತುಗಳಿಗೆ ಮಾತ್ರ ಅನ್ನುವ ತಪ್ಪು ತಿಳಿವಳಿಕೆ ಈ ಒಂದು ಲೆಕ್ಕದಿಂದ ಕಳಚಿಬೀಳುತ್ತದೆ.

ಕ್ಯಾಡ್ಮಿಯಮ್ ಸೆಲೆನೈಡ್ ಎಂಬ ಅರೆವಾಹಕದ ಹರಳನ್ನು ಸುಮಾರು ಆರು ನ್ಯಾನೋಮೀಟರಿಗೆ ಬೆಳೆಸಿ ನಿಲ್ಲಿಸಿದರೆ ಅದು ಅಲ್ಟ್ರಾವೈಲೆಟ್ ಬೆಳಕಿನಲ್ಲಿ ಕೆಂಪಾಗಿ ಹೊಳೆಯುತ್ತದೆ. ಸುಮಾರು ಎರಡು ನ್ಯಾನೋಮೀಟರಿಗೇ ನಿಲ್ಲಿಸಿದರೆ ನೀಲಿ. ವಸ್ತು ಅದೇ. ಪೆಟ್ಟಿಗೆ ಇಕ್ಕಟ್ಟಾದಷ್ಟೂ ಮೆಟ್ಟಿಲು ಎತ್ತರ, ಇಳಿಯುವಾಗ ಬಿಡುವ ಬೆಳಕಿನ ಶಕ್ತಿ ಹೆಚ್ಚು. ನಿಜವಾದ ಚುಕ್ಕಿಯಲ್ಲಿ ಇನ್ನೂ ಕೆಲವು ಸಂಗತಿ ಸೇರುತ್ತವೆ. ಹರಳಿನೊಳಗೆ ಎಲೆಕ್ಟ್ರಾನ್ ತನ್ನ ತೂಕಕ್ಕಿಂತ ಹಗುರವಾದಂತೆ ನಡೆದುಕೊಳ್ಳುತ್ತದೆ, ಅದು ಬಿಟ್ಟುಬಂದ ಖಾಲಿ ಜಾಗ, ಅಂದರೆ ಧನ ಆವೇಶದಂತೆ ನಡೆದುಕೊಳ್ಳುವ ರಂಧ್ರವೂ ಅದೇ ಪೆಟ್ಟಿಗೆಯಲ್ಲಿದೆ, ಎರಡರ ನಡುವೆ ಸೆಳೆತವಿದೆ. ಆದರೂ ಬಣ್ಣದ ಸಾಲು ಯಾವ ಕಡೆಗೆ ಓಡುತ್ತದೆ ಅನ್ನುವುದನ್ನು ದಾರವೇ ಹೇಳಿಬಿಡುತ್ತದೆ. 1980ರ ದಶಕದ ಆರಂಭದಲ್ಲಿ ಅಲೆಕ್ಸೆಯ್ ಎಕಿಮೋವ್ ಇದನ್ನು ಬಣ್ಣದ ಗಾಜಿನಲ್ಲಿ ಕಂಡರು, ಲೂಯಿಸ್ ಬ್ರೂಸ್ ದ್ರಾವಣದಲ್ಲಿ ತೇಲುವ ಕಣಗಳಲ್ಲಿ ಕಂಡರು, 1993ರಲ್ಲಿ ಮೌಂಗಿ ಬವೆಂಡಿ ಬೇಕಾದ ಗಾತ್ರಕ್ಕೆ ಚೊಕ್ಕವಾಗಿ ಬೆಳೆಸುವ ದಾರಿ ಹುಡುಕಿದರು. 2023ರ ರಸಾಯನಶಾಸ್ತ್ರ ನೊಬೆಲ್ ಈ ಮೂವರಿಗೆ ಸಂದಿತು.

ಇಲ್ಲಿಯವರೆಗೆ ಎಲ್ಲರೂ ತಲೆಯಾಡಿಸುತ್ತಾರೆ. ತಲೆಯಾಡಿಸುವುದನ್ನು ನಂಬಬಾರದು ಅಂತ ನನಗೆ ಕಲಿಸಿದ್ದು ಒಂದು ಪ್ರಶ್ನೆ.

ತಂತಿಯ ಉದ್ದ ಅರ್ಧ ಮಾಡಿದರೆ ಆವೃತ್ತಿ ಎಷ್ಟಾಗುತ್ತದೆ? ಎರಡರಷ್ಟು. ವೀಣೆಯ ತಂತಿಯನ್ನು ನಟ್ಟನಡುವೆ ಒತ್ತಿ ಮೀಟಿದರೆ ಮೇಲಿನ ಷಡ್ಜ ಬರುತ್ತದೆ. ಸರಿ, ಎಲೆಕ್ಟ್ರಾನಿನ ಪೆಟ್ಟಿಗೆಯನ್ನು ಅರ್ಧ ಮಾಡಿದರೆ ಶಕ್ತಿ ಎಷ್ಟಾಗುತ್ತದೆ? ಸೂತ್ರ ಗೊತ್ತಿದ್ದವರು ನಾಲ್ಕು ಅನ್ನುತ್ತಾರೆ, ದಾರವನ್ನು ನೆನೆದವರು ಎರಡು ಅನ್ನುತ್ತಾರೆ. ಎರಡೂ ಗುಂಪು ಒಂದೇ ಚಿತ್ರ ನೋಡುತ್ತಿದೆ, ಲೂಪುಗಳೂ ಅವೇ. ಹಾಗಾದರೆ ಉತ್ತರ ಯಾಕೆ ಬೇರೆ? ಈ ಪ್ರಶ್ನೆ ಹಾಕಿ ನಾನು ಸುಮ್ಮನೆ ನಿಲ್ಲುತ್ತೇನೆ. ಎಲ್ಲರೂ ಒಂದು ನಿಮಿಷ ಒಬ್ಬೊಬ್ಬರೇ ಯೋಚಿಸಬೇಕು, ಉತ್ತರವನ್ನು ಹಿಂದಿನವರಿಗೆ ಕಾಣದಂತೆ ಎದೆಯ ಮುಂದೆ ಬೆರಳಲ್ಲಿ ತೋರಿಸಬೇಕು, ಆಮೇಲೆ ಪಕ್ಕದವರನ್ನು ಒಪ್ಪಿಸಬೇಕು. ಒಮ್ಮೆ ಎರಡನೇ ಬೆಂಚಿನಿಂದ ಕೇಳಿದ್ದು:

"ಅರ್ಧ ಮಾಡಿದ್ರೆ ಡಬಲ್ ಕಣೇ, ವೀಣೆ ಥರಾನೇ."

"ವೀಣೇಲಿ ತಂತಿ ಮೇಲೆ ಅಲೆ ಓಡೋ ಸ್ಪೀಡು ಅದೇ ಇರುತ್ತೆ. ಇಲ್ಲಿ ಅಲೆ ಗಿಡ್ಡ ಆದ್ರೆ ಎಲೆಕ್ಟ್ರಾನ್ ಸ್ಪೀಡೇ ಜಾಸ್ತಿ ಆಗುತ್ತಲ್ವೇನೇ?"

ಅದೇ ಉತ್ತರ. ತಂತಿಯ ಮೇಲೆ ಅಲೆಯ ವೇಗ ಎಳೆತವನ್ನೂ ತಂತಿಯ ದಪ್ಪವನ್ನೂ ನೋಡುತ್ತದೆ, ಲೂಪಿನ ಉದ್ದವನ್ನು ನೋಡುವುದಿಲ್ಲ. ಎಲೆಕ್ಟ್ರಾನಿನಲ್ಲಿ ತರಂಗಾಂತರ ಅರ್ಧವಾದರೆ ಸಂವೇಗ ಎರಡರಷ್ಟು, ಚಲನಶಕ್ತಿ ಸಂವೇಗದ ವರ್ಗದಂತೆ ಏರುವುದರಿಂದ ನಾಲ್ಕರಷ್ಟು. ನಾನು ಬೋರ್ಡಿನ ಮುಂದೆ ನಿಂತು ಇದನ್ನೇ ಹೇಳಿದ್ದರೆ ಬರೆದುಕೊಳ್ಳುತ್ತಿದ್ದರು. ಆ ಹುಡುಗಿ ಕನ್ನಡದಲ್ಲಿ ಗೆಳತಿಗೆ ಹೇಳಿದ್ದಕ್ಕೆ ಅದು ಅವರಿಬ್ಬರದೂ ಆಯಿತು. ಕನ್ನಡ ಮಾಧ್ಯಮದಿಂದ ಬಂದವರು ಪಿಯುಸಿ ದಾಟಿದ ಮೇಲೆ ತರಗತಿಯಲ್ಲಿ ಬಾಯಿ ಬಿಡುವುದು ಕಡಿಮೆ. ಉತ್ತರ ಗೊತ್ತಿದ್ದರೂ ಅದಕ್ಕೆ ಇಂಗ್ಲಿಷ್ ವಾಕ್ಯ ಕಟ್ಟುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ವಾದ ಕನ್ನಡದಲ್ಲಿ ನಡೆಯಲಿ, ಪರೀಕ್ಷೆಯ ಭಾಷೆಗೆ ಆಮೇಲೆ ಕೂತು ಬರೆಯೋಣ ಅಂತ ನಾನು ಮೊದಲ ದಿನವೇ ಹೇಳಿಬಿಡುತ್ತೇನೆ.

ಅಲೆಯ ವೇಗವನ್ನು ಹೀಗೆ ಕೇಳಿಕೊಳ್ಳುವುದರಿಂದ ಇನ್ನೊಂದು ಲಾಭವೂ ಇದೆ. ಗ್ರ್ಯಾಫೀನ್ ಎಂಬ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯನ್ನು 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಬೇರ್ಪಡಿಸಿ ತೋರಿಸಿದರು, 2010ರಲ್ಲಿ ನೊಬೆಲ್ ಪಡೆದರು. ಆ ಹಾಳೆಯಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸುಮಾರು ಮುನ್ನೂರರಲ್ಲಿ ಒಂದು ಪಾಲು ವೇಗದಲ್ಲಿ ಓಡುತ್ತವೆ, ಮತ್ತು ಆ ವೇಗ ತರಂಗಾಂತರ ಬದಲಾದರೂ ಬದಲಾಗುವುದಿಲ್ಲ. ಹಾಗಾದರೆ ಗ್ರ್ಯಾಫೀನಿನ ಕಿರುಪಟ್ಟಿಯ ಅಗಲ ಅರ್ಧ ಮಾಡಿದರೆ ಮೆಟ್ಟಿಲಿನ ಎತ್ತರ ಎಷ್ಟಾಗಬೇಕು? ವೀಣೆಯ ಲೆಕ್ಕ ಇಲ್ಲಿ ಮರಳಿ ಬಂತು, ಸುಮಾರು ಎರಡರಷ್ಟು. ಸೂತ್ರ ಮಾತ್ರ ಕಲಿತವರು ಇಲ್ಲೂ ನಾಲ್ಕು ಅನ್ನುತ್ತಾರೆ. ವೇಗ ಬದಲಾಗುತ್ತದೆಯೋ ಇಲ್ಲವೋ ಅಂತ ಕೇಳಿಕೊಂಡವರಿಗೆ ಸಂಶೋಧನಾ ಲೇಖನದ ಬಾಗಿಲು ಇಲ್ಲೇ ತೆರೆಯುತ್ತದೆ.

ಹೀಗೆ ಪಕ್ಕದವರೊಡನೆ ವಾದಿಸಿ ಕಲಿಸುವ ಪದ್ಧತಿಗೆ ಹೆಸರು ತಂದುಕೊಟ್ಟವರು ಹಾರ್ವರ್ಡಿನ ಎರಿಕ್ ಮಜೂರ್. ಅವರ ಸಂಶೋಧನೆಯೂ ಬೆಳಕು ಮತ್ತು ನ್ಯಾನೋ ರಚನೆಗಳದೇ. ಮೊದಲ ವರ್ಷದವರಿಗೆ ಅವರ ಪಾಠ ಚೆನ್ನಾಗಿದೆ ಅಂತಲೇ ಎಲ್ಲರೂ ಹೇಳುತ್ತಿದ್ದರು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು ಬಲದ ಪರಿಕಲ್ಪನೆ ಎಷ್ಟು ಅರ್ಥವಾಗಿದೆ ಎಂದು ಅಳೆಯಲು ಸೂತ್ರವೇ ಬೇಡದ ಸರಳ ಪ್ರಶ್ನೆಗಳನ್ನು ಮಾಡಿದ್ದರು. ಮಜೂರ್ ಅಂಥ ಪರೀಕ್ಷೆ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ ಕೇಳಿದ್ದು, ನೀವು ಕಲಿಸಿದ ಪ್ರಕಾರ ಉತ್ತರಿಸಲೋ, ನಾನು ಸಾಮಾನ್ಯವಾಗಿ ಯೋಚಿಸುವ ಪ್ರಕಾರವೋ ಅಂತ. ಅದೆಷ್ಟು ಪ್ರಾಮಾಣಿಕವಾದ ಪ್ರಶ್ನೆ! ಪಾಠ ಅವಳ ತಲೆಯಲ್ಲಿ ಬೇರೆ ಕೋಣೆಯಲ್ಲಿತ್ತು, ಅವಳು ಬದುಕುತ್ತಿದ್ದುದು ಬೇರೆ ಕೋಣೆಯಲ್ಲಿ. 1998ರಲ್ಲಿ ಭೌತಶಾಸ್ತ್ರಜ್ಞ ರಿಚರ್ಡ್ ಹೇಕ್ ಇಂಥ ಪರೀಕ್ಷೆಗಳಲ್ಲಿ 62 ತರಗತಿಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಪಡೆದ ಅಂಕಗಳನ್ನು ಒಟ್ಟುಮಾಡಿದರು. ಮೊದಲು ಗೊತ್ತಿಲ್ಲದೇ ಇದ್ದುದರಲ್ಲಿ ಎಷ್ಟು ಪಾಲು ಕಲಿತರು ಅಂತ ನೋಡಿದಾಗ ಬರೀ ಉಪನ್ಯಾಸ ಕೇಳಿದ ತರಗತಿಗಳ ಸರಾಸರಿ ಶೇ. 23, ಕೇಳಿ-ವಾದಿಸಿ-ಮಾಡಿ ಕಲಿತ ತರಗತಿಗಳದು ಶೇ. 48. ನಮ್ಮ ಪ್ರಶ್ನೆಪತ್ರಿಕೆಗಳು ಈಗಲೂ ಮೊದಲ ಬಗೆಯ ಕಲಿಕೆಯನ್ನೇ ಅಳೆಯುತ್ತವೆ. ಸೂತ್ರ ನಿರೂಪಿಸಿ, ಹತ್ತು ಅಂಕ. ಒಳ್ಳೆಯ ತಲೆಗಳು ಅದಕ್ಕೆ ಸವೆಯುವುದನ್ನು ನೋಡಿ ನನಗೆ ನೋವಾಗುತ್ತದೆ.

ದಾರದಿಂದ ಚರ್ಮಕ್ಕೆ ಹೋದರೆ ಕಥೆ ಇನ್ನೂ ಚಂದ. ಒಂದೇ ದಪ್ಪದ ದುಂಡು ಚರ್ಮವನ್ನು ಬಿಗಿದು ಬಾರಿಸಿದರೆ ಅದರ ಎರಡನೇ ಸ್ವರ ಮೊದಲಿನದರ 1.59 ಪಟ್ಟು ಬರುತ್ತದೆ. ಎರಡರಷ್ಟು ಅಲ್ಲ, ಒಂದೂವರೆಯೂ ಅಲ್ಲ. ಹಾಗಾಗಿ ಸಾದಾ ಡೋಲಿಗೆ ಶ್ರುತಿ ಕೂರುವುದಿಲ್ಲ. ಮೃದಂಗಕ್ಕೆ ಕೂರುತ್ತದೆ, ಯಾಕೆಂದರೆ ನಡುವೆ ಕಪ್ಪು ಕರಣೆ ಮೆತ್ತಿ ಭಾರವನ್ನು ಹಂಚಿರುತ್ತಾರೆ. ಆಗ ಮೇಲಿನ ಸ್ವರಗಳು ಪೂರ್ಣ ಸಂಖ್ಯೆಗಳ ಹತ್ತಿರ ಬಂದು ನಿಲ್ಲುತ್ತವೆ. ಇದನ್ನು 1920ರಲ್ಲಿ ಸಿ.ವಿ. ರಾಮನ್ ಸಹೋದ್ಯೋಗಿಯೊಬ್ಬರ ಜೊತೆ ನೇಚರ್ ಪತ್ರಿಕೆಯಲ್ಲಿ ಬರೆದರು. ದುಂಡು ಚರ್ಮದ ಕಂಪನವನ್ನು ಬರೆಯಲು ಬೆಸೆಲ್ ಫಲನಗಳು ಬೇಕು. ಗಣಿತದ ಮೇಷ್ಟ್ರು ಅದನ್ನು ಕಲಿಸಿದಾಗ ಇದೆಲ್ಲಿಗೆ ಬೇಕು ಅಂತ ಹುಡುಗರು ಗೊಣಗುತ್ತಾರೆ.

ಎಂ.ಎಸ್ಸಿ.ಯಲ್ಲಿ ನಾನು ಅವರಿಗೊಂದು ಚಿತ್ರ ತೋರಿಸುತ್ತೇನೆ. 1993ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದಲ್ಲಿ ತಾಮ್ರದ ನುಣುಪು ಮೈಮೇಲೆ 48 ಕಬ್ಬಿಣದ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಸುಮಾರು 14 ನ್ಯಾನೋಮೀಟರ್ ಅಗಲದ ಬಳೆ ಕಟ್ಟಿದರು. ಸರಿಸಿದ್ದೂ ನೋಡಿದ್ದೂ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿನ ಸೂಜಿಮೊನೆಯಿಂದ. ಸೂಜಿ ಮೈಗೆ ತಾಗುವುದಿಲ್ಲ, ಪರಮಾಣುವಿನ ಅರ್ಧದಷ್ಟು ದೂರ, ಅಂದರೆ 0.1 ನ್ಯಾನೋಮೀಟರ್ ಮೇಲೆ ಸರಿದರೂ ಅದರಲ್ಲಿ ಹರಿಯುವ ವಿದ್ಯುತ್ತು ಹತ್ತನೇ ಒಂದಕ್ಕೆ ಇಳಿಯುತ್ತದೆ. ಕೆಪಾಸಿಟರ್ ಡಿಸ್ಚಾರ್ಜ್ ಪ್ರಯೋಗದಲ್ಲಿ ಗ್ರಾಫ್ ಹಾಳೆಯ ಮೇಲೆ ಮಕ್ಕಳು ಎಳೆದ ಅದೇ ಇಳಿಗೆರೆ. ಬಳೆಯೊಳಗೆ ಕಾಣುವುದು ಒಂದರೊಳಗೊಂದು ದುಂಡು ಅಲೆ, ಬಾವಿಗೆ ಕಲ್ಲು ಹಾಕಿದಂತೆ, ಆದರೆ ಚಲಿಸದೆ ನಿಂತ ಅಲೆ. ಕೂಡಿಹಾಕಿದ ಎಲೆಕ್ಟ್ರಾನುಗಳದು. ಅದನ್ನು ಬರೆಯಲು ಬೇಕಾದದ್ದು ಬೆಸೆಲ್ ಫಲನ. ಚರ್ಮವಾದ್ಯದ ಗಣಿತವೇ ಅಲ್ಲಿ ಕೂತಿರುವುದನ್ನು ಕಂಡು ತರಗತಿ ಒಂದು ಗಳಿಗೆ ನಿಶ್ಶಬ್ದವಾಗುತ್ತದೆ.

ಇಷ್ಟರಲ್ಲಿ ಮಕ್ಕಳಿಗೆ ಪೆಟ್ಟಿಗೆಯ ಮೇಲೆ ಪ್ರೀತಿ ಹುಟ್ಟಿರುತ್ತದೆ, ಎಲ್ಲ ಬಣ್ಣಕ್ಕೂ ಅದನ್ನೇ ಹಚ್ಚತೊಡಗುತ್ತಾರೆ. ಆಗ ಚಿನ್ನ ತರಬೇಕು.

ಚಿನ್ನದ ಲವಣದ ತೆಳು ಹಳದಿ ದ್ರಾವಣವನ್ನು ಕುದಿಸಿ ಅದಕ್ಕೆ ಸೋಡಿಯಮ್ ಸಿಟ್ರೇಟ್ ಹಾಕಿದರೆ ಹಳದಿ ಮಾಯವಾಗಿ, ಕಪ್ಪಿಟ್ಟು, ಕೆಲವೇ ನಿಮಿಷದಲ್ಲಿ ದಾಳಿಂಬೆ ರಸದಂಥ ಕೆಂಪು ಇಳಿಯುತ್ತದೆ. ಸುಮಾರು 20 ನ್ಯಾನೋಮೀಟರಿನ ಚಿನ್ನದ ಕಣಗಳು. ಇಂಥ ಕೆಂಪು ದ್ರವವನ್ನು ಮೈಕೆಲ್ ಫ್ಯಾರಡೆ 1857ರಲ್ಲೇ ಮಾಡಿ, ಕೆಂಪಿಗೆ ಕಾರಣ ಚಿನ್ನದ ಅತಿ ಸಣ್ಣ ಕಣಗಳೇ ಎಂದಿದ್ದ. ಯಾಕೆ ಕೆಂಪು ಅಂತ ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ ಪೆಟ್ಟಿಗೆ ಅನ್ನುತ್ತದೆ. ಲೆಕ್ಕ ಹಾಕಿ ಅನ್ನುತ್ತೇನೆ. ಅಷ್ಟು ದೊಡ್ಡ ಕಣದಲ್ಲಿ ಎರಡೂವರೆ ಲಕ್ಷದ ಹತ್ತಿರ ಪರಮಾಣುಗಳು, ಪ್ರತಿಯೊಂದರಿಂದ ಒಂದು ಬಿಡಿ ಎಲೆಕ್ಟ್ರಾನ್. ಅಷ್ಟೂ ಎಲೆಕ್ಟ್ರಾನುಗಳು ಮೆಟ್ಟಿಲುಗಳನ್ನು ಕೆಳಗಿನಿಂದ ತುಂಬಿಕೊಂಡು ಬಂದಿವೆ. ಮೇಲ್ತುದಿಯಲ್ಲಿ ಮೆಟ್ಟಿಲುಗಳು ಒತ್ತೊತ್ತಾಗಿ, ನಡುವಿನ ಅಂತರ ಕೋಣೆಯ ತಳ್ಳಾಟದ ಸಾವಿರದಲ್ಲಿ ಒಂದು ಪಾಲಿನಷ್ಟು. ಕ್ಯಾಡ್ಮಿಯಮ್ ಸೆಲೆನೈಡಿನಲ್ಲಿ ಹಾಗಿರಲಿಲ್ಲ, ಅಲ್ಲಿ ಬೆಳಕು ಎಲೆಕ್ಟ್ರಾನನ್ನು ಖಾಲಿ ಏಣಿಯ ಮೊದಲ ಮೆಟ್ಟಿಲಿಗೆ ಎತ್ತುತ್ತದೆ, ಅಲ್ಲಿ ಅಂತರ ದೊಡ್ಡದು. ಚಿನ್ನದಲ್ಲಿ ಪೆಟ್ಟಿಗೆ ಕೈಕೊಟ್ಟಿತು.

ಆಗ ಮೊದಲ ವರ್ಷದ ಇನ್ನೊಂದು ಪಾಠಕ್ಕೆ ಹೋಗಬೇಕು: ಉಯ್ಯಾಲೆಯನ್ನು ಅದರ ಲಯಕ್ಕೆ ತಕ್ಕಂತೆ ತಳ್ಳಿದರೆ ಎತ್ತರಕ್ಕೆ ಹೋಗುತ್ತದೆ. ಬೆಳಕಿನ ವಿದ್ಯುತ್ ಕ್ಷೇತ್ರ ಕಣದ ಎಲೆಕ್ಟ್ರಾನುಗಳನ್ನೆಲ್ಲ ಒಟ್ಟಿಗೆ ಒಂದು ಬದಿಗೆ ವಾಲಿಸುತ್ತದೆ, ಹಿಂದೆ ಉಳಿದ ಧನ ಆವೇಶ ಅವನ್ನು ವಾಪಸ್ ಎಳೆಯುತ್ತದೆ. ಸ್ಪ್ರಿಂಗಿಗೆ ಕಟ್ಟಿದ ಗುಂಡಿನ ಕಥೆ ಇದು. ಆ ತೂಗಾಟದ ಲಯ ಸುಮಾರು 520 ನ್ಯಾನೋಮೀಟರಿನ ಹಸಿರು ಬೆಳಕಿಗೆ ಸರಿಹೊಂದುತ್ತದೆ. ಹಸಿರನ್ನು ಕಣಗಳು ಹೀರುತ್ತವೆ, ನಮಗೆ ಉಳಿಯುವುದು ಕೆಂಪು.

ಈಗ ಆ ಕೆಂಪು ದ್ರವಕ್ಕೆ ಸ್ವಲ್ಪ ಉಪ್ಪುನೀರು ಹಾಕಿದರೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಸಿಟ್ರೇಟ್ ಅಂಟಿದ ಕಣಗಳ ಮೈಮೇಲೆ ಋಣ ಆವೇಶವಿದ್ದು ಅವು ಒಂದನ್ನೊಂದು ದೂರ ಇಟ್ಟಿದ್ದವು. ಉಪ್ಪಿನ ಅಯಾನುಗಳು ಆ ಆವೇಶವನ್ನು ಮುಚ್ಚಿದ್ದರಿಂದ ಕಣಗಳು ಹತ್ತಿರ ಬಂದು ಗುಂಪಾದವು. ಹತ್ತಿರವಾದರೆ ಬಣ್ಣ ಯಾಕೆ ಬದಲಾಗಬೇಕು? ಜೋಡಿ ಲೋಲಕದ ಪ್ರಯೋಗ ನೆನಪಿಸುತ್ತೇನೆ: ಎರಡನ್ನು ಬೆಸೆದರೆ ಒಂದೊಂದರ ಲಯ ಮೊದಲಿನಂತೆ ಉಳಿಯುವುದಿಲ್ಲ. ಎರಡು ಕಣಗಳಲ್ಲಿ ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ವಾಲಿದಾಗ ಒಂದರ ಋಣ ತುದಿಗೆ ಇನ್ನೊಂದರ ಧನ ತುದಿ ಎದುರಾಗುತ್ತದೆ. ಆ ಸೆಳೆತ ವಾಪಸ್ ಎಳೆಯುವ ಬಲವನ್ನು ಸಡಿಲಿಸುತ್ತದೆ, ಲಯ ಇಳಿಯುತ್ತದೆ, ಕಣಗಳು ಹೀರುವ ಬೆಳಕು ಹಸಿರಿನಿಂದ ಕೆಂಪಿನ ಕಡೆ ಸರಿಯುತ್ತದೆ, ನಮಗೆ ನೀಲಿ ಉಳಿಯುತ್ತದೆ.

ಹೋದ ಸೆಮಿಸ್ಟರಿನಲ್ಲಿ ಇಲ್ಲಿಗೆ ವಿವರಣೆ ಮುಗಿಸಿ ಹೊರಡುತ್ತಿದ್ದೆ. ಕಿಟಕಿ ಪಕ್ಕದ ಟೇಬಲಿನ ಹುಡುಗಿಯೊಬ್ಬಳು ತಡೆದಳು. "ಸರ್, ಅಯಾನಿಂದಲೇ ಆಯ್ತು ಅಂತ ಹೇಗೆ ಹೇಳ್ತೀರಾ? ನೀರಲ್ಲಿ ಏನೇ ಕರಗಿಸಿದ್ರೂ ಹೀಗೇ ಆಗಬಹುದಲ್ವಾ?" ನಾನು ಉತ್ತರಿಸಲಿಲ್ಲ. ಅವಳು ಹಾಸ್ಟೆಲಿಗೆ ಹೋಗಿ ಕಾಗದದ ಪೊಟ್ಟಣದಲ್ಲಿ ಸಕ್ಕರೆ ತಂದಳು. ಸಕ್ಕರೆ ಕರಗುತ್ತದೆ, ಅಯಾನುಗಳಾಗಿ ಒಡೆಯುವುದಿಲ್ಲ. ಒಂದು ಟೆಸ್ಟ್ ಟ್ಯೂಬಿಗೆ ಉಪ್ಪುನೀರು, ಪಕ್ಕದ್ದಕ್ಕೆ ಅಷ್ಟೇ ಸಕ್ಕರೆ ನೀರು ಹಾಕಿ, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ನೀಲಿಯಾಯಿತು. ಇನ್ನೊಂದು ದಾಳಿಂಬೆ ಕೆಂಪಾಗಿಯೇ ಉಳಿಯಿತು.